ನಾಯಕನಿಲ್ಲದ ಮೇಳ: ಟ್ರಯೊ ಸೊನಾಟಾ ಮತ್ತು ‘ಲ ಕೊನ್ಸೋರ್’

ಪಾಶ್ಚಾತ್ಯ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲವನ್ನು ಬರೋಕ್ ಯುಗವೆಂದು ಕರೆಯುವುದು ವಾಡಿಕೆ. ಆ ಕಾಲದ ಕೃತಿಗಳನ್ನು ಆ ಕಾಲದ ರೀತಿಯ ವಾದ್ಯಗಳಲ್ಲಿಯೇ ನುಡಿಸುವ ತರುಣರ ಮೇಳಗಳು ಯೂರೋಪಿನಲ್ಲಿ ಈಗ ಅನೇಕವಾಗಿವೆ. ಇಂಥ ಮೇಳವನ್ನು ಹೊಗಳುವಾಗ ‘ಇಲ್ಲಿ ನಿರ್ದೇಶಕನಿಲ್ಲ, ಎಲ್ಲರೂ ಸಮಾನರು’ ಎಂಬ ಮಾತು ಸುಲಭವಾಗಿ ಬರುತ್ತದೆ. ಸಮಾನತೆಯು ಸಾಮಾಜಿಕವಾದ ಗುಣ. ಅದು ಕಲೆಯ ಗುಣವೂ ಆಗಬೇಕಾದರೆ ಅದಕ್ಕೆ ಕೃತಿಯಲ್ಲಿಯೇ ಆಧಾರವಿರಬೇಕು. ಫ್ರಾನ್ಸಿನ ‘ಲ ಕೊನ್ಸೋರ್’ ಮೇಳವನ್ನು ನಿದರ್ಶನವಾಗಿಟ್ಟುಕೊಂಡು ಈ ಆಧಾರವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

2015ರಲ್ಲಿ ಆರಂಭವಾದ ಈ ಮೇಳದ ಮಧ್ಯದಲ್ಲಿರುವವರು ನಾಲ್ವರು: ಪಿಟೀಲು ವಾದಕರಾದ ತಿಯೊತೀಮ್ ಲಾಂಗ್ಲ್ವಾ ದ ಸ್ವಾರ್ತ್ ಮತ್ತು ಸೋಫಿ ದ ಬಾರ್ಡೊನೆಶ್, ಚೆಲ್ಲೊ ವಾದಕಿ ಹನ್ನಾ ಸಾಲ್ಜೆನ್‌ಸ್ಟೈನ್, ಹಾರ್ಪ್ಸಿಕಾರ್ಡ್ ವಾದಕ ಜಸ್ಟಿನ್ ಟೇಲರ್. ಮೇಳವು ತನ್ನ ನೆಲೆಯಾಗಿ ಆರಿಸಿಕೊಂಡದ್ದು ಟ್ರಯೊ ಸೊನಾಟಾ ಎಂಬ ಪ್ರಕಾರವನ್ನು. 2019ರ ‘ಓಪಸ್ 1’ ಧ್ವನಿಮುದ್ರಣದಲ್ಲಿ ಇಟಲಿಯ ಕೊರೆಲ್ಲಿಯ ಜತೆಗೆ, ಅವನ ಮಾದರಿಯನ್ನು ಅನುಸರಿಸಿ 1705ರಲ್ಲಿ ತನ್ನ ಸೊನಾಟಾಗಳನ್ನು ಪ್ರಕಟಿಸಿದ ಫ್ರಾನ್ಸಿನ ದಾಂದ್ರಿಯೊನ ಕೃತಿಗಳಿವೆ.

ಟ್ರಯೊ ಎಂದರೆ ಮೂರು. ನುಡಿಸುವವರು ಸಾಮಾನ್ಯವಾಗಿ ನಾಲ್ವರು. ಮೂರೆಂಬುದು ಬರೆದಿರುವ ಎಳೆಗಳ ಲೆಕ್ಕ: ಪಿಟೀಲಿನ ಎರಡು, ಮಂದ್ರದ ಒಂದು. ಚೆಲ್ಲೊ ಮಂದ್ರದ ಎಳೆಯನ್ನು ನುಡಿಸುತ್ತದೆ. ಹಾರ್ಪ್ಸಿಕಾರ್ಡ್ ವಾದಕನು ಅದೇ ಎಳೆಯನ್ನು ಎಡಗೈಯಲ್ಲಿ ನುಡಿಸುತ್ತ, ಸ್ವರಗಳೊಡನೆ ಗುರುತು ಮಾಡಿರುವ ಅಂಕಿಗಳನ್ನು ನೋಡಿ, ಮೇಲಿನ ಸ್ವರಮೇಳಗಳನ್ನು ಆಗಲೇ ಕಲ್ಪಿಸಿ ತುಂಬುತ್ತಾನೆ. ಕೊರೆಲ್ಲಿಯ ಮೊದಲ ಸಂಪುಟವು 1681ರಲ್ಲಿ ರೋಮಿನಲ್ಲಿ ಅಚ್ಚಾದದ್ದು ನಾಲ್ಕು ಬಿಡಿ ಪುಸ್ತಕಗಳಾಗಿ. ಇಡೀ ಕೃತಿ ಯಾರ ಕಣ್ಣೆದುರಿಗೂ ಇರಲಿಲ್ಲ. ಉಳಿದವರ ಪಾಲನ್ನು ಕಿವಿಯಿಂದಲೇ ಅರಿಯಬೇಕಾಗಿತ್ತು.

ಸಂಗೀತವೂ ಇದಕ್ಕೆ ತಕ್ಕಂತಿದೆ. ಕೊರೆಲ್ಲಿಯ ವಿಲಂಬಗತಿಯ ಭಾಗಗಳಲ್ಲಿ ಒಂದು ಪಿಟೀಲು ಸ್ವರವನ್ನು ಹಿಡಿದು ನಿಂತಿರುವಾಗ ಇನ್ನೊಂದು ಬಂದು ಅದಕ್ಕೆ ತಾಗುತ್ತದೆ, ವಿಸಂವಾದ ಹುಟ್ಟುತ್ತದೆ. ಮೊದಲನೆಯದು ಒಂದು ಮೆಟ್ಟಿಲು ಕೆಳಗಿಳಿದಾಗ ಅದು ಶಮನಗೊಳ್ಳುತ್ತದೆ. ಕೂಡಲೆ ಪಾತ್ರಗಳು ಅದಲುಬದಲಾಗುತ್ತವೆ. ಇಲ್ಲಿ ಒಬ್ಬರೇ ಸದಾ ಮುಂದಾದರೆ ಆ ಸರಣಿಯ ಅರ್ಥವೇ ಕೆಡುತ್ತದೆ. ಆದುದರಿಂದ ಸಹಯೋಗವು ಈ ಪ್ರಕಾರದಲ್ಲಿ ನುಡಿಸುವವರ ಔದಾರ್ಯವಲ್ಲ, ಕೃತಿಯ ವಿಧಿ.

ಮುಂದಿನ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಇದೇ ಮೇಳವು ಹೆಚ್ಚಿನ ವಾದಕರೊಡನೆ ವಿವಾಲ್ಡಿಯ ಕನ್ಚೆರ್ಟೊಗಳನ್ನೂ ನುಡಿಸಿದೆ; 2024ರ ಧ್ವನಿಮುದ್ರಣದಲ್ಲಿ ಲಾಂಗ್ಲ್ವಾ ದ ಸ್ವಾರ್ತ್ ಪ್ರಧಾನ ವಾದಕರು. ಕನ್ಚೆರ್ಟೊ ಎಂಬುದು ಒಬ್ಬನನ್ನು ಉಳಿದವರಿಂದ ಬೇರ್ಪಡಿಸಿ ನಿಲ್ಲಿಸುವ ಪ್ರಕಾರ. ‘ಎಲ್ಲರೂ ಸಮಾನರು’ ಎಂಬ ಹೊಗಳಿಕೆಗೆ ಇಲ್ಲಿ ಎಡೆಯೆಲ್ಲಿ?

ಸಮಾನತೆಯನ್ನು ಸಮಪಾಲೆಂದು ತಿಳಿದರೆ ಎಡೆಯಿಲ್ಲ. ಹೊಣೆಯು ಕೈಯಿಂದ ಕೈಗೆ ಸಾಗುವುದೆಂದು ತಿಳಿದರೆ ಇದೆ. ಪ್ರಧಾನ ಪಿಟೀಲು ಒಂದು ಸ್ವರದ ಮೇಲೆ ತಂಗಬೇಕಾದರೆ ಮಂದ್ರದವರು ಮುಂದಿನ ಸ್ವರಮೇಳವನ್ನು ತಡೆದು ಕಾಯಬೇಕು. ಅವರು ಎಷ್ಟು ಕಾಯುವರೋ ಅಷ್ಟೇ ಅದರ ಸ್ವಾತಂತ್ರ್ಯ. ಟ್ರಯೊ ಸೊನಾಟಾದಲ್ಲಿ ಕಲಿತ ಕಿವಿಗೆ ಈ ಅರಿವು ಅಭ್ಯಾಸವಾಗಿರುತ್ತದೆ. ಮೇಳಕ್ಕೆ ನಾಯಕನಿದ್ದಾನೆಯೇ ಎಂದು ಕೇಳುವ ವಿದ್ಯಾರ್ಥಿಯು, ಈ ಕ್ಷಣದಲ್ಲಿ ಮುಂದಾಳತ್ವ ಯಾರದು, ಕೃತಿ ಕೇಳಿದಾಗ ಅವರು ಅದನ್ನು ಬಿಟ್ಟುಕೊಟ್ಟರೆ ಎಂದೂ ಕೇಳಬೇಕು. ವಿಮರ್ಶೆಯು ಅಲ್ಲಿಂದ ಆರಂಭವಾಗುತ್ತದೆಂದು ನಾವು ಭಾವಿಸುತ್ತೇವೆ.