ಹಿಂದಿನ ಚಕ್ರದ ಎಳೆತ ಜಪಾನಿಗೆ ಮಾತ್ರ

ಗುಜರಾತಿನ ಕಾರ್ಖಾನೆಯಲ್ಲಿ ತಯಾರಾಗುವ ಸುಜುಕಿ ಫ್ರಾಂಕ್ಸ್ 2024ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೂ ಬಂತು. ಅಲ್ಲಿನವರಿಗೆ 1.5 ಲೀಟರ್ ಎಂಜಿನ್, ಆರು ಗೇರಿನ ಆಟೊಮ್ಯಾಟಿಕ್, ಬೇಕೆಂದವರಿಗೆ ಫೋರ್‌ವೀಲ್ ಡ್ರೈವ್. ಅದೇ ಕಾರನ್ನು ನಮ್ಮಲ್ಲಿ ಕೊಂಡರೆ 1.2 ಇಲ್ಲವೇ 1.0 ಟರ್ಬೊ ಎಂಜಿನ್. ಎಳೆಯುವುದು ಮುಂದಿನ ಎರಡು ಚಕ್ರ ಮಾತ್ರ. ಇದೇನೂ ಹೊಸದಲ್ಲ. ಫೋರ್ಡ್ ಇಕೋಸ್ಪೋರ್ಟ್ 2018ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದದ್ದು ಚೆನ್ನೈನಿಂದಲೇ. ಅಲ್ಲಿ 2.0 ಲೀಟರ್ ಎಂಜಿನ್ ಆರಿಸಿಕೊಂಡವರಿಗೆ ಫೋರ್‌ವೀಲ್ ಸಿಗುತ್ತಿತ್ತು. ಕಾರು ಕಟ್ಟಿದ ದೇಶದಲ್ಲಿ ಅದನ್ನು ಮಾರಲೇ ಇಲ್ಲ.

ಯಾಕೆ ಹೀಗೆ ಎಂದರೆ ಉತ್ತರ ಸಿದ್ಧವಾಗಿರುತ್ತದೆ: ಅಲ್ಲಿ ಹಿಮ ಬೀಳುತ್ತದೆ, ಇಲ್ಲಿ ಕೇಳುವವರಿಲ್ಲ. ಅರ್ಧ ನಿಜ. ಜಪಾನಿನ ಉತ್ತರ ಭಾಗದಲ್ಲಿ ಆಲ್ಟೊದಂಥ ಪುಟ್ಟ ಕಾರಿಗೂ ಫೋರ್‌ವೀಲ್ ಬೇಕು, ಸಿಗುತ್ತದೆ ಕೂಡ. ಉಳಿದರ್ಧ ನಮ್ಮ ತೆರಿಗೆಯ ಪುಸ್ತಕದಲ್ಲಿದೆ. ನಾಲ್ಕು ಮೀಟರಿನೊಳಗಿನ ಉದ್ದ, 1200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಇದ್ದರೆ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಶೇ 18 ಜಿಎಸ್‌ಟಿ. ಈ ಗೆರೆ ದಾಟಿದರೆ ಶೇ 40. ಫ್ರಾಂಕ್ಸ್‌ನ ಉದ್ದ 3,995 ಮಿ.ಮೀ. ಉದ್ದದಲ್ಲಿ ಹೇಗೋ ಪಾಸಾಗುವ ಕಾರು ಜಪಾನಿನ 1.5 ಎಂಜಿನ್ ಹೊತ್ತು ಬಂದರೆ ನೇರವಾಗಿ ಮೇಲಿನ ದರಕ್ಕೆ ಬೀಳುತ್ತದೆ. ಮಹೀಂದ್ರ ಥಾರ್‌ದೂ ಇದೇ ಲೆಕ್ಕ. 2023ರ ಆರಂಭದಲ್ಲಿ ಅದಕ್ಕೆ 1.5 ಲೀಟರಿನ ಡೀಸೆಲ್ ಎಂಜಿನ್ ಕೂರಿಸಿ, ಮುಂದಿನ ಚಕ್ರಗಳ ಎಳೆತ ತೆಗೆದು, ಬೆಲೆ ಇಳಿಸಿದರು. ಡೀಸೆಲ್ಲಿಗೆ ರಿಯಾಯಿತಿಯ ಗೆರೆ 1500 ಸಿಸಿ. ಜೀಪಿನ ವಂಶದ ಗಾಡಿ ಟೂವೀಲ್ ಡ್ರೈವ್ ಆದದ್ದರ ಹಿಂದೆ ಎಂಜಿನಿಯರನಿಗಿಂತ ಲೆಕ್ಕಪತ್ರದವರ ಕೈ ಹೆಚ್ಚು.

ಹಾಗಾದರೆ 1.2 ಎಂಜಿನ್‌ಗೇ ಫೋರ್‌ವೀಲ್ ಜೋಡಿಸಬಹುದಲ್ಲ? ಧಾರಾಳವಾಗಿ. ಜಪಾನಿನ ಈಗಿನ ಸ್ವಿಫ್ಟ್‌ನಲ್ಲಿ ಸುಜುಕಿ ಅದನ್ನೇ ಮಾಡಿದೆ. ಅಲ್ಲಿಗೆ ಉಳಿಯುವುದು ಮೈಲೇಜಿನ ಭಯ. ಜಪಾನಿನ ಫ್ರಾಂಕ್ಸ್‌ನಲ್ಲಿ ಫೋರ್‌ವೀಲ್ ಸೇರಿದರೆ ತೂಕ 60 ಕೆ.ಜಿ. ಏರುತ್ತದೆ, ಲೀಟರಿಗೆ 19.0 ಕಿ.ಮೀ. ಎಂಬುದು 17.8ಕ್ಕೆ ಇಳಿಯುತ್ತದೆ. 'ಎಷ್ಟು ಕೊಡುತ್ತೆ?' ಎಂಬುದೇ ಮೊದಲ ಪ್ರಶ್ನೆಯಾಗಿರುವ ನಾಡಿನಲ್ಲಿ ಕಂಪನಿ ಹಿಂಜರಿದರೆ ತಪ್ಪು ಪೂರ್ತಿ ಅವರದಲ್ಲ.

ಇಷ್ಟಕ್ಕೂ ಆ ವ್ಯವಸ್ಥೆ ನಮಗೆ ಬಂದಿದ್ದರೆ ಏನು ಉಪಯೋಗವಾಗುತ್ತಿತ್ತು? ಅದರ ಒಳಗನ್ನು ನೋಡಿದರೆ ತಿಳಿಯುತ್ತದೆ. ಹಿಂದಿನ ಚಕ್ರಗಳಿಗೆ ಹೋಗುವ ದಾರಿಯಲ್ಲಿ ಒಂದು ಮುಚ್ಚಿದ ಡಬ್ಬಿ. ಅದರೊಳಗೆ ಒತ್ತೊತ್ತಾಗಿ ಜೋಡಿಸಿದ ತೆಳು ಉಕ್ಕಿನ ಬಿಲ್ಲೆಗಳು, ಅವುಗಳ ನಡುವೆ ಜೋನಿಬೆಲ್ಲದಂಥ ಸಿಲಿಕೋನ್ ಎಣ್ಣೆ. ಒಂದು ಬಿಟ್ಟು ಒಂದು ಬಿಲ್ಲೆ ಮುಂದಿನ ಚಕ್ರಗಳಿಗೆ ಸೇರಿದ್ದು, ನಡುವಿನವು ಹಿಂದಿನ ಚಕ್ರಗಳಿಗೆ. ಎಲ್ಲ ಒಂದೇ ವೇಗದಲ್ಲಿ ತಿರುಗುವಾಗ ಡಬ್ಬಿ ಸುಮ್ಮನಿರುತ್ತದೆ. ಮುಂದಿನ ಚಕ್ರ ಜಾರಿ ಬರೀ ಸುತ್ತತೊಡಗಿದಾಗ ಎಣ್ಣೆ ತಡೆಯೊಡ್ಡಿ ಹಿಂದಿನ ಬಿಲ್ಲೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಅಂದರೆ ಮೊದಲು ಜಾರಬೇಕು, ಆಮೇಲೆ ನೆರವು. ಹಿಮ ಬಿದ್ದ ಬೆಳಿಗ್ಗೆ ಮನೆಯೆದುರಿನ ಕಾರನ್ನು ರಸ್ತೆಗೆ ತರಲು ಇದು ಸಾಕು. ಒದ್ದೆ ಹುಲ್ಲಿನ ಅಂಗಳಕ್ಕೂ ಸಾಕು.

ಕೊಡಚಾದ್ರಿಯ ದಾರಿಗೆ ಮಾತ್ರ ಸಾಲದು. ಅಲ್ಲಿ ಪ್ರವಾಸಿಗರನ್ನು ಹತ್ತಿಸುವ ಜೀಪುಗಳಲ್ಲಿರುವುದು ಬೇರೆಯೇ ಜಾತಿಯ ಯಂತ್ರ: ಲಿವರ್ ಎಳೆದರೆ ಹಿಂದು-ಮುಂದಿನ ಆಕ್ಸಲ್‌ಗಳು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ, ಲೋ ಗೇರ್ ಹಾಕಿದರೆ ಗಾಡಿ ನಡಿಗೆಯ ವೇಗದಲ್ಲಿ ಕಲ್ಲು ಹತ್ತುತ್ತದೆ. ಆ ಗಟ್ಟಿತನವೇ ಒಣ ಡಾಂಬರಿನ ಮೇಲೆ ದೋಷ. ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗ ಬೇಡುತ್ತವೆ, ಬೆಸುಗೆ ಬಿಡುವುದಿಲ್ಲ. ಸ್ಟೀರಿಂಗ್ ಬಿಗಿಯಾಗಿ ಟೈರು ಉಜ್ಜುತ್ತದೆ. ಹಾಗಾಗಿ ನೆಲಕ್ಕೆ ತಕ್ಕ ವ್ಯವಸ್ಥೆ ಎಂಬ ತತ್ವದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ನೆಲದ ಹೆಸರು ಹೇಳಿ ಬೇರೆ ಕಾರಣಗಳನ್ನು ಮುಚ್ಚುವುದರ ಬಗ್ಗೆ.

ಸ್ಕಾರ್ಪಿಯೊ-ಎನ್ ನೋಡಿ. ಇಲ್ಲಿ ಅದರ ಫೋರ್‌ವೀಲ್ ಬೇಕಾದರೆ ಡೀಸೆಲ್ಲೇ ಕೊಳ್ಳಬೇಕು ಎಂದಿಟ್ಟ ಮಹೀಂದ್ರ, 2023ರಲ್ಲಿ ಆಸ್ಟ್ರೇಲಿಯಕ್ಕೆ ಕಳಿಸಿದ್ದು ಪೆಟ್ರೋಲ್ ಎಂಜಿನ್ನಿನ ಫೋರ್‌ವೀಲ್ ಆಟೊಮ್ಯಾಟಿಕ್. ಯಂತ್ರ ಜೋಡಣೆಯಾಗುತ್ತದೆ, ಊರು ದಾಟಿದ ಕೂಡಲೇ ಆಗುತ್ತದೆ. ನಮ್ಮ ಬಿಡದಿಯಲ್ಲೇ ಕಟ್ಟುವ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಫೋರ್‌ವೀಲ್ ಬೇಕೆಂದವರಿಗೆ ಮ್ಯಾನುವಲ್ ಗೇರ್ ಮಾತ್ರ. 2025ರಲ್ಲಿ ಅದನ್ನು ತೆಗೆದು ಆಟೊಮ್ಯಾಟಿಕ್ ಮಾತ್ರ ಎಂದರು. ಎರಡನ್ನೂ ಒಟ್ಟಿಗಿಟ್ಟು ಆರಿಸಿಕೊಳ್ಳಿ ಎನ್ನುವ ಉದಾರತೆ ಯಾಕೋ ಬರಲಿಲ್ಲ.

ನಿಜವಾದ ಯಾಂತ್ರಿಕ ಅಡ್ಡಿಯೂ ಒಂದಿದೆ, ಅದನ್ನು ಒಪ್ಪಬೇಕು. ಹಿಂದಿನ ಚಕ್ರ ಎಳೆಯುವ ದೊಡ್ಡ ಜರ್ಮನ್ ಕಾರುಗಳಲ್ಲಿ ಮುಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್ ಗೇರ್‌ಬಾಕ್ಸಿನ ಪಕ್ಕದಲ್ಲಿ ಸಾಗುತ್ತದೆ. ಅದು ಬಲಗಡೆ ಇದ್ದರೆ ಬಲಗಡೆ ಸ್ಟೀರಿಂಗ್ ಇರುವ ದೇಶಗಳಲ್ಲಿ ಚಾಲಕನ ಕಾಲಿನ ಜಾಗಕ್ಕೇ ಬರುತ್ತದೆ. 2013ರ ಮರ್ಸಿಡಿಸ್ ಇ 63 ಎಎಂಜಿ ಎಡ ಸ್ಟೀರಿಂಗಿನವರಿಗೆ ನಾಲ್ಕು ಚಕ್ರದ ಎಳೆತ ಕೊಟ್ಟು, ಬ್ರಿಟನ್ನಿನಂಥ ದೇಶಗಳಿಗೆ ಹಿಂದಿನ ಎರಡಕ್ಕೇ ನಿಂತದ್ದು ಇದಕ್ಕೇ. ಮುಂದಿನ ಪೀಳಿಗೆಯಲ್ಲಿ ಅದನ್ನು ಸರಿಪಡಿಸಿದರು.

ಈ ಇಡೀ ಪದ್ಧತಿಯಲ್ಲಿ ನನಗೆ ಅತಿ ಕೆಟ್ಟದ್ದಾಗಿ ಕಾಣುವುದು ಸುಬಾರು ಮಾಡಿದ್ದು, ಫೋರ್‌ವೀಲ್‌ನಲ್ಲಿ ಅದಕ್ಕೆ ಅಷ್ಟು ಒಳ್ಳೆಯ ಹೆಸರಿದ್ದರೂ. ಬಾಗಿಲ ಮೇಲೆ, ಜಾಹೀರಾತಿನಲ್ಲಿ ಒಂದೇ ಹೆಸರು, 'ಸಿಮೆಟ್ರಿಕಲ್ ಆಲ್ ವೀಲ್ ಡ್ರೈವ್'. ಒಳಗೆ ಮ್ಯಾನುವಲ್ ಕಾರಿನಲ್ಲಿ ಅರ್ಧರ್ಧ ಹಂಚುವ ಸೆಂಟರ್ ಡಿಫರೆನ್ಷಿಯಲ್. ಸಾಮಾನ್ಯ ಆಟೊಮ್ಯಾಟಿಕ್‌ನಲ್ಲಿ ಬೇಕಾದಾಗ ಬಿಗಿಯುವ ಕ್ಲಚ್. ಕೆಲವು ಟರ್ಬೊ ಆಟೊಮ್ಯಾಟಿಕ್‌ಗಳಲ್ಲಿ ಮುಂದೆ 45, ಹಿಂದೆ 55 ಎಂದು ಹಂಚುವ ಇನ್ನೊಂದು. ಆಸ್ಟ್ರೇಲಿಯ, ಯುರೋಪಿನ ಮ್ಯಾನುವಲ್ ಫಾರೆಸ್ಟರ್‌ಗೆ ಲೋ ಗೇರಿನ ಲಿವರ್ ಕೊಟ್ಟು ಅಮೆರಿಕದವರಿಗೆ ಕೊಡಲಿಲ್ಲ. ಫ್ರಾಂಕ್ಸ್‌ನವರು ಕನಿಷ್ಠ ಇಲ್ಲದ್ದನ್ನು ಇದೆ ಎನ್ನಲಿಲ್ಲ. ಒಂದೇ ಹೆಸರಿನಡಿ ಮೂರು ಯಂತ್ರ ಮಾರುವುದು ಕೊಳ್ಳುವವನನ್ನು ಕತ್ತಲಲ್ಲಿಡುವ ಕೆಲಸ.

ನಮ್ಮ ಕೊಳ್ಳುವವರಿಗೆ ಹೇಳುವುದಿಷ್ಟು. ಡಾಂಬರಿನ ಘಾಟಿಯಲ್ಲಿ ಮಳೆಗಾಲ ಕಳೆಯುವುದಾದರೆ ಫೋರ್‌ವೀಲ್‌ಗೆ ಸುರಿಯುವ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ; ಬ್ರೇಕ್ ಒತ್ತಿದಾಗ ಫೋರ್‌ವೀಲ್ ಯಾವ ನೆರವಿಗೂ ಬರುವುದಿಲ್ಲ. ತೋಟದ ಕೆಸರು, ಕಡಿದಾದ ಮಣ್ಣಿನ ಏರು ದಿನನಿತ್ಯದ್ದಾದರೆ ಲೋ ಗೇರ್ ಇರುವ ಜಿಮ್ನಿ ಅಥವಾ ಥಾರ್ ನೋಡಿ. ಯಾವುದನ್ನೇ ನೋಡಲು ಹೋದರೂ 'ಫೋರ್‌ವೀಲ್ ಇದೆಯಾ' ಎಂದಷ್ಟೇ ಕೇಳಿ ಬರಬೇಡಿ. ಹಿಂದಿನ ಚಕ್ರಕ್ಕೆ ಶಕ್ತಿ ಯಾವಾಗ ಹೋಗುತ್ತದೆ, ಯಾವುದರ ಮೂಲಕ ಹೋಗುತ್ತದೆ, ಲೋ ಗೇರ್ ಇದೆಯೋ ಇಲ್ಲವೋ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಕೊಡಲು ಹೇಳಿ.