ಸಿದ್ಧರಾಮರು ಹಿಂದೆಗೆದುಕೊಂಡದ್ದು ಯಾವುದನ್ನು?

ನಾಲ್ಕು ಜನರೆದುರು ಸತ್ಯವೆಂದು ಸಾರಿದ ನಿಲುವನ್ನು ಅದೇ ಜನರೆದುರು ಹಿಂದೆಗೆದುಕೊಳ್ಳುವುದು ಸುಲಭಸಾಧ್ಯವಾದ ಕಾರ್ಯವಲ್ಲ. ಆಡಿದ್ದು ಬರಿಯ ಮಾತಾಗಿದ್ದರೆ ಮತ್ತೊಂದು ಮಾತಿನಿಂದ ತಿದ್ದಬಹುದು. ನಂಬಿಕೆಯು ಕಲ್ಲುಮಣ್ಣುಗಳಲ್ಲಿ ಮೈದಳೆದು, ಗುಡಿಯಾಗಿ ಕೆರೆಯಾಗಿ ಊರ ನಡುವೆ ನಿಂತುಬಿಟ್ಟಿದ್ದರೆ ಹಿಂದೆಗೆದುಕೊಳ್ಳುವುದಾದರೂ ಏನನ್ನು? 12ನೆಯ ಶತಮಾನದ ಶಿವಶರಣರಲ್ಲಿ ಈ ಪ್ರಶ್ನೆಯನ್ನು ಇಡಿಯಾಗಿ ಎದುರಿಸಬೇಕಾಗಿ ಬಂದವರು ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮರು. ಅವರ ವಿಷಯದಲ್ಲಿ ನಮ್ಮ ಕವಿಗಳೂ ಸಂಪಾದನಕಾರರೂ ಒಂದೇ ಮಾತನ್ನು ಹೇಳಿಲ್ಲವೆಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಸಿದ್ಧರಾಮರನ್ನು ಕುರಿತ ಮೊದಲ ದೊಡ್ಡ ಕಾವ್ಯ ರಾಘವಾಂಕನದು. ಮುದ್ದುಗೌಡ ಸುಗ್ಗವ್ವೆಯರ ಮುಗ್ಧ ಬಾಲಕನು ಹೊಲದಲ್ಲಿ ಜಂಗಮರೂಪದ ಮಲ್ಲಯ್ಯನನ್ನು ಕಂಡು, ಕಾಣೆಯಾದ ಆತನನ್ನು ಅರಸುತ್ತ ಶ್ರೀಶೈಲಕ್ಕೆ ನಡೆದುಹೋಗುವ ಭಾಗವು ಕನ್ನಡದಲ್ಲಿ ಬಾಲಭಕ್ತಿಯ ಅತ್ಯುತ್ತಮ ಚಿತ್ರಗಳಲ್ಲೊಂದು. ಮುಂದೆ ಸೊನ್ನಲಿಗೆಯು ಎರಡನೆಯ ಶ್ರೀಶೈಲವಾಗುತ್ತದೆ. ಲಿಂಗಪ್ರತಿಷ್ಠೆಗಳಾಗುತ್ತವೆ, ಕೆರೆ ತೋಡಲ್ಪಡುತ್ತದೆ. ಆದರೆ ಪ್ರಭುದೇವರು ಬಂದು ಕೆಣಕಿದ ಪ್ರಸಂಗವಾಗಲಿ, ಸಿದ್ಧರಾಮರು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದ ವಿಷಯವಾಗಲಿ ಆ ಕಾವ್ಯದಲ್ಲಿ ಬರುವುದಿಲ್ಲ. ರಾಘವಾಂಕನ ಸಿದ್ಧರಾಮರು ಹುಟ್ಟಿನಿಂದಲೇ ಪರಿಪೂರ್ಣರು. ಅವರಿಗೆ ಬದಲಾಗಬೇಕಾದ ಅಗತ್ಯವೇ ಇಲ್ಲ.

ಶೂನ್ಯಸಂಪಾದನೆಯ ಲೋಕವೇ ಬೇರೆ. ಅಲ್ಲಿ ಪ್ರಭುದೇವರು ಕೆರೆಯ ಕೆಲಸ ನಡೆದಿರುವಲ್ಲಿಗೇ ಬಂದು, ಶಿವಯೋಗಿಯೆಂದು ನಾಡೆಲ್ಲ ಕೊಂಡಾಡುವವರನ್ನು 'ಒಡ್ಡರಾಮ'ನೆಂದು ಕೂಗಿ ಕೇಳುತ್ತಾರೆ. ಕೆಲಸಗಾರರು ಕೆರಳಿ ಕಲ್ಲು ತೂರುತ್ತಾರೆ. ಮಾತು ಒರಟಾದದ್ದು, ನಿಜ. ಆದರೆ ಆ ಒರಟುತನದ ಹಿಂದಿರುವ ಪ್ರಶ್ನೆ ಸೂಕ್ಷ್ಮವಾದದ್ದು: ಕಟ್ಟುವವನು ತಾನೆಂಬ ಅರಿವು ಉಳಿದಿರುವವರೆಗೆ ಕಟ್ಟಿದ್ದು ಯಾರಿಗೆ ಸಲ್ಲುತ್ತದೆ? ಮುಂದಿನ ಸಂವಾದದಲ್ಲಿ ಸಿದ್ಧರಾಮರು ಒಮ್ಮೆಲೇ ಬಾಗುವುದಿಲ್ಲ. ವಾದಿಸುತ್ತಾರೆ, ತಮ್ಮ ಕಾಯಕವನ್ನು ಸಮರ್ಥಿಸಿಕೊಳ್ಳುತ್ತಾರೆ, ಮೆಲ್ಲಮೆಲ್ಲನೆ ಒಳಗಿನಿಂದ ಸಡಿಲಗೊಳ್ಳುತ್ತಾರೆ. ಇಡಿಯ ಗ್ರಂಥದಲ್ಲಿ ಇದಕ್ಕಿಂತ ನಾಟಕೀಯವಾದ ಭಾಗಗಳು ವಿರಳ.

ವಿದ್ವಾಂಸರು ಮಾತ್ರ ಚರ್ಚಿಸುತ್ತ ಬಂದಿರುವ, ಸದ್ಭಕ್ತರು ಅಷ್ಟಾಗಿ ಲಕ್ಷಿಸದಿರುವ ಒಂದು ಭೇದ ಇಲ್ಲಿದೆ. ಶೂನ್ಯಸಂಪಾದನೆಗಳು ನಾಲ್ಕು. 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರವು. ಮಹಾದೇವಯ್ಯನಲ್ಲಿ ಸಿದ್ಧರಾಮರಿಗೆ ಇಷ್ಟಲಿಂಗದೀಕ್ಷೆ ಆಗುವುದಿಲ್ಲ. ಅವರ ಮಾರ್ಪಾಡು ಅಂತರಂಗದಲ್ಲಿಯೇ ಮುಗಿಯುತ್ತದೆ. ಹಲಗೆಯಾರ್ಯನಿಗೆ ಇದು ಒಪ್ಪಿಗೆಯಾಗಲಿಲ್ಲ. ಆತನು ಸಂಪಾದನೆಯನ್ನು ಮತ್ತೆ ಕಟ್ಟಿ, ಚೆನ್ನಬಸವಣ್ಣನವರ ಹಸ್ತದಿಂದ ದೀಕ್ಷೆಯಾದ ಪ್ರಸಂಗವನ್ನು ಸೇರಿಸಿದನು. ಅವನ ಹಿಂದೆ ಬಂದವರೂ ಅದೇ ಹಾದಿಯನ್ನು ಹಿಡಿದರು.

ಹಲಗೆಯಾರ್ಯನದು ಬರಿಯ ಮತಾಭಿಮಾನದ ಸೇರ್ಪಡೆಯೆಂದು ತಳ್ಳಿಹಾಕುವವರಿದ್ದಾರೆ. ಈ ತೀರ್ಪು ಆತುರದ್ದೆಂದು ನಮ್ಮ ಅಭಿಪ್ರಾಯ. ಸಿದ್ಧರಾಮರ ಮೊದಲ ನಂಬಿಕೆ ಗುಟ್ಟಿನದಾಗಿರಲಿಲ್ಲ. ಅವರು ಸ್ಥಾಪಿಸಿದರೆಂದು ಹೇಳುವ 68 ಲಿಂಗಗಳನ್ನು ಕಂಡು, ಅವರ ಮಾತನ್ನು ನಂಬಿ, ಸಾವಿರಾರು ಜನ ಮಣ್ಣು ಹೊತ್ತಿದ್ದರು. ಅಂತಹವರು ಮನಸ್ಸಿನೊಳಗೆ ಮಾತ್ರ ಬದಲಾಗಿ ಸುಮ್ಮನಿದ್ದರೆ ಆ ಜನರಿಗೆ ತಿಳಿಯುವುದು ಹೇಗೆ? ಬಹಿರಂಗದಲ್ಲಿ ಕಟ್ಟಿದ ನಿಲುವನ್ನು ಬಹಿರಂಗದಲ್ಲಿಯೇ ಬಿಡಬೇಕಾಗುತ್ತದೆ. ವಯಸ್ಸಿನಲ್ಲಿ ಚಿಕ್ಕವರಾದ ಚೆನ್ನಬಸವಣ್ಣನವರ ಮುಂದೆ, ಶರಣರ ಸಭೆಯಲ್ಲಿ, ನಾಡಿನ ಕೀರ್ತಿಯನ್ನೆಲ್ಲ ಹೊತ್ತ ಹಿರಿಯರೊಬ್ಬರು ಅಂಗೈಯೊಡ್ಡಿ ನಿಲ್ಲುವ ಚಿತ್ರಕ್ಕಿರುವ ತೂಕ ಇದೇ. ಸಿದ್ಧರಾಮರ ಅಂಕಿತವುಳ್ಳ ವಚನಗಳಲ್ಲಿಯೂ ಚೆನ್ನಬಸವಣ್ಣನವರನ್ನು ಗುರುವೆಂದು ಕೊಂಡಾಡುವವು ಹಲವಿವೆ. ಅವೆಲ್ಲ ಮುಂದಿನವರ ಕೈವಾಡವೆನ್ನಲು ಬರಿಯ ಸಂದೇಹ ಸಾಲದು.

ಹಾಗೆಂದು ರಾಘವಾಂಕನ ಮೌನವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಕಾಲದಲ್ಲಿ ಆತನೇ ಸಿದ್ಧರಾಮರಿಗೆ ಹೆಚ್ಚು ಹತ್ತಿರದವನು. ಇತಿಹಾಸಕಾರರು ಆತನ ಕಡೆಗೆ ವಾಲುವುದು ಸಹಜ. ಆದರೆ ಕಾವ್ಯದೃಷ್ಟಿಯಿಂದ ನೋಡಿದರೆ, ಚರಿತನಾಯಕನಲ್ಲಿ ಎಂದೂ ಕೊರತೆಯಿರಲಿಲ್ಲವೆಂದು ಸಾಧಿಸಹೊರಟ ಭಕ್ತಿಯು ಆ ನಾಯಕನ ಬಹು ದೊಡ್ಡ ಸಾಹಸವನ್ನೇ ಕಳೆದುಬಿಟ್ಟಿದೆ. (ನಮ್ಮ ಕಾಲದಲ್ಲಿ ಗುರುಗಳ ಜೀವನಚರಿತ್ರೆಗಳನ್ನು ಬರೆಯುವವರೂ ಈ ಜಾಡನ್ನೇ ಹಿಡಿಯುತ್ತಾರೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪೂಜ್ಯರು ಒಂದೇ ಅಭಿಪ್ರಾಯದವರಾಗಿರುತ್ತಾರೆ!) ಶರಣಸಂಪ್ರದಾಯವು ಇಂತಹ ಅಂಜಿಕೆಯನ್ನು ಇಟ್ಟುಕೊಳ್ಳಲಿಲ್ಲ. ಪ್ರಭುದೇವರು, ಚೆನ್ನಬಸವಣ್ಣನವರ ಅನಂತರ ಶೂನ್ಯಪೀಠವನ್ನು ಏರಿದವರು ಸಿದ್ಧರಾಮರೇ ಎಂದು ಅದು ಹೇಳುತ್ತದೆ. ನಿಲುವನ್ನು ಬದಲಿಸಿದವರು ಪೀಠಕ್ಕೆ ಎರವಾಗಲಿಲ್ಲ.

ಇನ್ನು, ಪ್ರಭುದೇವರ ಟೀಕೆಯನ್ನು ಓದಿ, ಸಿದ್ಧರಾಮರು ಕೆರೆ ಕಟ್ಟಿದ್ದೇ ತಪ್ಪೆಂದು ಒಪ್ಪಿಕೊಂಡರೆಂದು ಅರ್ಥಮಾಡುವುದು ಸರಿಯಲ್ಲ. ಅವರು ಬಿಟ್ಟದ್ದು ಕೆರೆಯಿಂದಲೇ ಮುಕ್ತಿಯೆಂಬ ಭಾವವನ್ನು, ಸ್ಥಾವರವೇ ಕೊನೆಯೆಂಬ ನಂಬಿಕೆಯನ್ನು. ಕೆರೆಯನ್ನು ಒಡೆಯಬೇಕೆಂದು ಯಾವ ಸಂಪಾದನಕಾರನೂ ಬರೆದಿಲ್ಲ. 1960ರಿಂದ ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರದಲ್ಲಿ ಆ ಕೆರೆಯೂ ಅದರ ನಡುವಿನ ಗುಡಿಯೂ ಇಂದಿಗೂ ಇವೆ. ಮಕರಸಂಕ್ರಮಣದ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳು ಊರ ಸುತ್ತ ಸಾಗುತ್ತವೆ. 68 ಲಿಂಗಗಳಿಗೆ ತೈಲಾಭಿಷೇಕ ನಡೆಯುತ್ತದೆ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವರೂ ಕನ್ನಡ ಮರಾಠಿಗಳೆಂಬ ಭೇದವಿಲ್ಲದೆ ಆ ಸಾಲಿನಲ್ಲಿ ನಡೆಯುತ್ತಾರೆ.