ಬೆಳಕಿಗೊಂದು ಕೈ: ನ್ಯೂಮನ್ನರ ಪ್ರಾರ್ಥನಾಗೀತೆ ಮತ್ತು ಅದರ ಕನ್ನಡ ರೂಪ

ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಕನ್ನಡಕ್ಕೆ ಕೊಟ್ಟ ‘ಕರುಣಾಳು ಬಾ ಬೆಳಕೆ’ ಗೀತೆಯು ಶಾಲೆಯ ಪ್ರಾರ್ಥನೆಯಿಂದ ಹಿಡಿದು ಶ್ರದ್ಧಾಂಜಲಿ ಸಭೆಯವರೆಗೆ ನಾಡಿನಲ್ಲೆಲ್ಲ ಕೇಳಿಬರುತ್ತದೆ. ಅದರ ಮೂಲವು ಸಂತ ಜಾನ್ ಹೆನ್ರಿ ನ್ಯೂಮನ್ನರ ಇಂಗ್ಲಿಷ್ ಕವನವೆಂಬುದನ್ನು ನಮ್ಮ ಓದುಗರು ಬಲ್ಲರು. ಆದರೆ ತೀರ ಪರಿಚಿತವಾದ ಗೀತೆಗಳಿಗೆ ಒಂದು ದುರ್ದೈವವುಂಟು: ಅವುಗಳನ್ನು ಹಾಡುತ್ತೇವೆ, ಓದುವುದಿಲ್ಲ. ಈ ಗೀತೆಯನ್ನು ಪ್ರಬೋಧನೆಯಲ್ಲಿ ಉದಾಹರಿಸುವಾಗ ‘ಬೆಳಕು ಬಂದಿತು, ಕತ್ತಲೆ ಹೋಯಿತು, ಮನಸ್ಸಿಗೆ ಶಾಂತಿ ದೊರೆಯಿತು’ ಎಂಬ ಸುಲಭ ಸೂತ್ರಕ್ಕೆ ಅದನ್ನು ಇಳಿಸಿಬಿಡುವುದುಂಟು. ಗೀತೆ ಹೇಳುವುದು ಬೇರೆಯೇ ಮಾತನ್ನು. ಕ್ರೈಸ್ತ ವಿಶ್ವಾಸದಲ್ಲಿ ಬೆಳಕು ಎಂದರೇನು, ಅದು ಶಾಂತಿಯನ್ನೂ ನಿರೀಕ್ಷೆಯನ್ನೂ ಯಾವ ಬಗೆಯಲ್ಲಿ ತರುತ್ತದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮೂಲವನ್ನೂ ಕನ್ನಡ ರೂಪವನ್ನೂ ಅಕ್ಕಪಕ್ಕದಲ್ಲಿರಿಸಿ ಓದುವುದು ಈ ಲೇಖನದ ಉದ್ದೇಶ.

ಗೀತೆ ಹುಟ್ಟಿದ ಸಂದರ್ಭವನ್ನು ಮೊದಲು ನೆನೆಯೋಣ. 1833ರಲ್ಲಿ ನ್ಯೂಮನ್ ಮೂವತ್ತೆರಡು ವರ್ಷದ ಆಂಗ್ಲಿಕನ್ ಯಾಜಕರು. ಸಿಸಿಲಿಯಲ್ಲಿ ಒಂಟಿಯಾಗಿ ಸಂಚರಿಸುತ್ತಿದ್ದಾಗ ತೀವ್ರ ಜ್ವರದಿಂದ ಸಾವಿನ ಸಮೀಪಕ್ಕೆ ಹೋದರು. ಬೆಳಕಿಗೆ ವಿರುದ್ಧವಾಗಿ ತಾವು ಪಾಪ ಮಾಡಿಲ್ಲವಾದುದರಿಂದ ತಾವು ಸಾಯುವುದಿಲ್ಲವೆಂದು ಆಗ ತಮ್ಮ ಸೇವಕನಿಗೆ ಹೇಳಿದುದನ್ನೂ, ಆ ಮಾತಿನ ಅರ್ಥ ತಮಗೇ ಸ್ಪಷ್ಟವಾಗಿರಲಿಲ್ಲವೆಂಬುದನ್ನೂ ಅವರು ಬಹುಕಾಲದ ಬಳಿಕ ಆತ್ಮಕಥನದಲ್ಲಿ ಬರೆದರು. ಚೇತರಿಸಿಕೊಂಡು ಪಲೆರ್ಮೊದಿಂದ ಮಾರ್ಸೇಲ್ಸಿಗೆ ಕಿತ್ತಳೆಹಣ್ಣು ಸಾಗಿಸುವ ಹಡಗನ್ನೇರಿದರು. ಕಾರ್ಸಿಕ ಮತ್ತು ಸಾರ್ಡೀನಿಯ ದ್ವೀಪಗಳ ನಡುವೆ ಗಾಳಿಯಿಲ್ಲದೆ ಹಡಗು ಒಂದು ವಾರ ನಿಂತಲ್ಲೇ ನಿಂತಿತು. ಜೂನ್ 16ರಂದು ಈ ಕವನ ಮೂಡಿದ್ದು ಅಲ್ಲಿ. ಊರು ಸೇರುವ ತವಕವಿದ್ದೂ ಒಂದು ಮಾರು ದೂರವನ್ನೂ ಸ್ವಂತ ಬಲದಿಂದ ಸಾಗಲಾರದವನ ಪ್ರಾರ್ಥನೆ ಇದು.

ಈ ಪ್ರಾರ್ಥನೆ ಕೇಳುವುದೇನನ್ನು? ಇರುಳು ಮುಗಿಯಲೆಂದು ಅದು ಮೊದಲಿಗೇ ಕೇಳುವುದಿಲ್ಲ. ದೂರದ ದೃಶ್ಯ ಕಾಣಲೆಂದೂ ಕೇಳುವುದಿಲ್ಲ. ಮುಂದಿನ ಒಂದು ಅಡಿಗೆ ಸಾಲುವಷ್ಟು ಬೆಳಕನ್ನು ಮಾತ್ರ ಬೇಡುತ್ತದೆ. ವಿಶ್ವಾಸವು ಕತ್ತಲೆಯನ್ನೆಲ್ಲ ಚದರಿಸುವ ಬೆಳಕಾಗಿರದೆ ಇರುಳಿನಲ್ಲಿ ನಮ್ಮ ಹೆಜ್ಜೆಗಳಿಗೆ ದಾರಿ ತೋರುವ ದೀಪವಾಗಿದೆಯೆಂದು ಜಗದ್ಗುರು ಫ್ರಾನ್ಸಿಸರು 2013ರಲ್ಲಿ ಪ್ರಕಟಿಸಿದ ‘ಲೂಮೆನ್ ಫಿದೇಯಿ’ ವಿಶ್ವಪರಿಪತ್ರವೂ ಬೋಧಿಸುತ್ತದೆ. ಸಂತ ಯೊವಾನ್ನರ ಶುಭಸಂದೇಶದ ಪೀಠಿಕೆಯಲ್ಲಿ ಬೆಳಕು ಪ್ರಕಾಶಿಸುವುದು ಕತ್ತಲೆಯ ನಡುವೆಯೇ (1:5). ಕತ್ತಲೆ ಅದನ್ನು ಜಯಿಸಲಾರದು, ಆದರೂ ಕತ್ತಲೆ ಅಲ್ಲಿದೆ. ಯೂದನು ಭೋಜನವನ್ನು ಬಿಟ್ಟು ಹೊರಟಾಗ ರಾತ್ರಿಯಾಗಿತ್ತೆಂದು ಅದೇ ಶುಭಸಂದೇಶ ಗುರುತಿಸುತ್ತದೆ (13:30). ಪ್ರಭು ತಮ್ಮ ಶಾಂತಿಯನ್ನು ಶಿಷ್ಯರಿಗೆ ಅನುಗ್ರಹಿಸುವುದು ಆ ರಾತ್ರಿಯಲ್ಲಿಯೇ (14:27). ಕ್ರೈಸ್ತ ಶಾಂತಿಯು ಇರುಳು ಕಳೆದ ಬಳಿಕ ದೊರೆಯುವ ಬಹುಮಾನವಾಗಿದ್ದರೆ ಆ ಮಾತು ಪುನರುತ್ಥಾನದ ತನಕ ಕಾಯಬೇಕಾಗಿತ್ತು.

ಇನ್ನು ಕನ್ನಡ ರೂಪಕ್ಕೆ ಬರೋಣ. ಮೂಲದಲ್ಲಿ ಬೆಳಕಿಗೆ ಇರುವ ಮುಖ್ಯ ಬಿನ್ನಹ ‘ನಡೆಸು’ ಎಂಬುದೊಂದೇ. ಶ್ರೀಯವರು ಅದಕ್ಕೆ ಎರಡನ್ನು ಸೇರಿಸಿದ್ದಾರೆ. ಬೆಳಕನ್ನು ‘ಬಾ’ ಎಂದು ಕರೆದರು. ಕೈ ಹಿಡಿಯೆಂದು ಬೇಡಿದರು. ಈ ಎರಡನೆಯ ಬೇಡಿಕೆ ಗೀತೆಯುದ್ದಕ್ಕೂ ಪಲ್ಲವಿಯಂತೆ ಮರಳಿ ಬರುತ್ತದೆ. ಛಂದಸ್ಸಿನ ಅಗತ್ಯದಿಂದ ಬಂದ ಮಾತೆಂದು ಇದನ್ನು ತಳ್ಳಿಹಾಕಲಾಗದು. ದಾರಿ ತೋರುವ ಬೆಳಕು ದೂರದಲ್ಲಿದ್ದರೂ ಸಾಕು, ನಕ್ಷತ್ರವೂ ದಾರಿ ತೋರಬಲ್ಲದು. ಕೈ ಹಿಡಿಯಬೇಕಾದರೆ ಅದು ಹತ್ತಿರ ಬರಬೇಕು, ಅದಕ್ಕೊಂದು ಕೈ ಇರಬೇಕು. ನಿಜವಾದ ಬೆಳಕು ಲೋಕಕ್ಕೆ ಬಂದಿತೆಂದೂ (ಯೊವಾನ್ನ 1:9), ವಾರ್ತೆಯು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿತೆಂದೂ (1:14) ಸಾರುವ ಧರ್ಮಸಭೆಗೆ ಇದು ಕಿವಿಗೊಟ್ಟು ಕೇಳಬೇಕಾದ ಮಾತು. ಕ್ರೈಸ್ತರಲ್ಲದ ಕವಿಯೊಬ್ಬರು ಕ್ರೈಸ್ತ ಯಾಜಕರ ಕವನವನ್ನು ಕನ್ನಡಿಸುವಾಗ ಅದನ್ನು ಮೂಲಕ್ಕಿಂತಲೂ ಮನುಷ್ಯಾವತಾರದ ರಹಸ್ಯಕ್ಕೆ ಸಮೀಪಿಸುವಂತೆ ಮಾಡಿದ್ದಾರೆಂಬುದು ನಮ್ಮ ಅಭಿಪ್ರಾಯ. ಕವಿಯ ಉದ್ದೇಶ ಅದಾಗಿತ್ತೆಂದು ನಾವು ವಾದಿಸುತ್ತಿಲ್ಲ; ಪದಗಳು ಅಲ್ಲಿಗೆ ಕರೆದೊಯ್ಯುತ್ತವೆ ಎನ್ನುತ್ತಿದ್ದೇವೆ.

ಇಲ್ಲಿ ಹಳೆಯ ಆಕ್ಷೇಪವೊಂದನ್ನು ಎದುರಿಸಬೇಕು. ಗೀತೆಯಲ್ಲಿ ಕ್ರಿಸ್ತರ ನಾಮವೇ ಇಲ್ಲ; ಯಾವ ಧರ್ಮದವರೂ ಹಾಡಬಹುದಾದ ಈ ಬೆಳಕು ಕ್ರೈಸ್ತ ಬೆಳಕು ಹೇಗಾದೀತು? ಈ ಕೊರತೆಯನ್ನು ತುಂಬಲೆಂದೇ ಎಡ್ವರ್ಡ್ ಬಿಕರ್‌ಸ್ಟೆತ್ ಎಂಬ ಆಂಗ್ಲಿಕನ್ ಯಾಜಕರು ತಮ್ಮ ಗೀತಸಂಗ್ರಹದಲ್ಲಿ ನಾಲ್ಕನೆಯ ನುಡಿಯೊಂದನ್ನು ಬರೆದು ಸೇರಿಸಿದರು. ನ್ಯೂಮನ್ ಅದನ್ನು ಮೆಚ್ಚಲಿಲ್ಲ. ಅವರು ಕವನಕ್ಕಿತ್ತ ‘ಮೇಘಸ್ತಂಭ’ ಎಂಬ ಶೀರ್ಷಿಕೆಯಲ್ಲಿಯೇ ಉತ್ತರವಿದೆ. ಹಗಲು ಮೇಘವಾಗಿ, ಇರುಳು ಅಗ್ನಿಯಾಗಿ ಇಸ್ರಯೇಲರ ಮುಂದೆ ನಡೆದ ಸ್ತಂಭದಲ್ಲಿ (ವಿಮೋಚನಾಕಾಂಡ 13:21-22) ದೇವರು ತಮ್ಮನ್ನು ಮರೆಮಾಡಿಕೊಂಡೇ ಜೊತೆಗಿದ್ದರು. ನಿಸ್ಸಾದ ಸಂತ ಗ್ರೆಗೊರಿಯವರು ಮೋಶೆಯ ಬದುಕನ್ನು ವಿವರಿಸುವಾಗ ಅವನ ಪಯಣ ಉರಿಯುವ ಪೊದೆಯ ಬೆಳಕಿನಿಂದ ಮೇಘದೊಳಕ್ಕೆ, ಅಲ್ಲಿಂದ ದಟ್ಟ ಕತ್ತಲೆಯೊಳಕ್ಕೆ ಸಾಗಿತೆಂದು ಕಂಡರು. ದೇವರಿಗೆ ಹತ್ತಿರವಾದಂತೆ ಕಣ್ಣಿಗೆ ತೋರುವುದು ಕಡಿಮೆಯಾಗಬಹುದು. ಹೆಸರನ್ನು ಉಚ್ಚರಿಸದೆ ಕೈಯನ್ನು ಹುಡುಕುವ ಪ್ರಾರ್ಥನೆಯೂ ಕ್ರೈಸ್ತ ಪ್ರಾರ್ಥನೆಯೇ. ಎಮ್ಮಾವುಸಿನ ದಾರಿಯಲ್ಲಿ ನಡೆದ ಇಬ್ಬರು ಶಿಷ್ಯರಿಗೂ ಜೊತೆಗಿದ್ದವರ ಹೆಸರು ಗೊತ್ತಿರಲಿಲ್ಲ.

ಗೀತೆಯ ಎರಡನೆಯ ನುಡಿಯನ್ನು ನಾವು ಹಾಡುವಾಗ ಬೇಗನೆ ದಾಟಿಬಿಡುತ್ತೇವೆ. ಅದು ಪಶ್ಚಾತ್ತಾಪದ ನುಡಿ. ಹಿಂದೆ ತನ್ನ ದಾರಿಯನ್ನು ತಾನೇ ಆರಿಸಿಕೊಂಡುದನ್ನೂ, ಹೊಳಪಿಗೆ ಮರುಳಾಗಿ ಗರ್ವಪಟ್ಟುದನ್ನೂ ಪ್ರಾರ್ಥಿಸುವವನು ಒಪ್ಪಿಕೊಳ್ಳುತ್ತಾನೆ. ಗಮನಿಸಬೇಕಾದುದೇನೆಂದರೆ, ಇಲ್ಲಿ ಅಪಾಯಕಾರಿಯಾಗಿರುವುದು ಕತ್ತಲೆಯಲ್ಲ, ಕಣ್ಣು ಕೋರೈಸುವ ಇನ್ನೊಂದು ಬೆಳಕು. ಸೈತಾನನೂ ಬೆಳಕಿನ ದೂತನ ವೇಷ ಧರಿಸುತ್ತಾನೆಂದು ಸಂತ ಪೌಲರು ಎಚ್ಚರಿಸಿದ್ದಾರೆ (2 ಕೊರಿಂಥ 11:14). ಹಾಗಾಗಿ ಹೊಳೆಯುವುದೆಲ್ಲವೂ ದೈವಪ್ರೇರಣೆಯಾಗದು. ಬೆಳಕು ತರುವ ಶಾಂತಿಗೂ ಆತ್ಮತೃಪ್ತಿಗೂ ನಡುವಿನ ಗೆರೆಯನ್ನು ಈ ನುಡಿ ಎಳೆಯುತ್ತದೆ. ಎರಡನೆಯ ನುಡಿಯನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಾಡಿದರೆ ಪಾಪನಿವೇದನೆಯಿಲ್ಲದ ಸಮಾಧಾನವೊಂದನ್ನೇ ಹಾಡಿದಂತಾಗುತ್ತದೆ.

ಮೂರನೆಯ ನುಡಿಯಲ್ಲಿ ಮೂಲಕ್ಕೂ ಕನ್ನಡಕ್ಕೂ ನಡುವಿನ ಅಂತರ ಹೆಚ್ಚು ಗಂಭೀರವಾಗುತ್ತದೆ. ನ್ಯೂಮನ್ ಖಚಿತವಾಗಿ ಹೇಳಿದ್ದನ್ನು ಶ್ರೀಯವರು ಪ್ರಶ್ನೆಯಾಗಿ ತಿರುಗಿಸಿದ್ದಾರೆ. ಇಷ್ಟು ಕಾಲ ಕಾಪಾಡಿದ ಶಕ್ತಿ ಮುಂದೆಯೂ ನಡೆಸುವುದು ನಿಶ್ಚಯವೆಂದು ಮೂಲ ನುಡಿದರೆ, ಮುಂದೆ ನೀನು ನಡೆಸದೆ ಇರುತ್ತೀಯಾ ಎಂದು ಕನ್ನಡ ಕೇಳುತ್ತದೆ. ನಿರೀಕ್ಷೆಯ ಖಚಿತತೆ ಇಲ್ಲಿ ಸಡಿಲಗೊಂಡಿತೇ? ನಿರೀಕ್ಷೆಯು ದೇವರ ಸರ್ವಶಕ್ತಿಯನ್ನೂ ಕರುಣೆಯನ್ನೂ ಆಧರಿಸುವುದರಿಂದ ಅದಕ್ಕೆ ಖಚಿತತೆಯುಂಟೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಆದರೆ ಕನ್ನಡದಲ್ಲಿ ಇಂಥ ನಿಷೇಧದ ಪ್ರಶ್ನೆ ಸಂಶಯದ ಮಾತಲ್ಲ. ‘ನನ್ನನ್ನು ಬಿಟ್ಟುಹೋಗುತ್ತೀಯಾ?’ ಎಂದು ತಾಯಿಯನ್ನು ಕೇಳುವ ಮಗುವಿಗೆ ಉತ್ತರ ಗೊತ್ತಿರುತ್ತದೆ; ಗೊತ್ತಿರುವುದರಿಂದಲೇ ಅದು ಕೇಳುತ್ತದೆ. ಕೀರ್ತನೆಗಳಲ್ಲಿ ದೇವರನ್ನು ಪ್ರಶ್ನಿಸುವ ಭಕ್ತನ ಸಲಿಗೆ ಇಂಥದೇ. ಮೂಲದಲ್ಲಿ ಶಕ್ತಿಯನ್ನು ಕುರಿತ ಹೇಳಿಕೆಯಾಗಿದ್ದುದು ಕನ್ನಡದಲ್ಲಿ ‘ನೀನು’ ಎಂಬವನೊಡನೆ ಸಂವಾದವಾಗಿದೆ. ಇದನ್ನು ನಾವು ಲಾಭವೆಂದೇ ಎಣಿಸುತ್ತೇವೆ.

ನಷ್ಟವೂ ಇದೆ. ಮೂಲದ ಕೊನೆಯಲ್ಲಿ ಬೆಳಗಾದಾಗ ನಗುವವು ಹಲವು ದೇವದೂತ ಮುಖಗಳು. ಅವು ಯಾರವೆಂಬುದನ್ನು ಸುಮಾರು ಐವತ್ತು ವರ್ಷಗಳ ಬಳಿಕ ವಿವರಿಸಲು ನ್ಯೂಮನ್ ಒಪ್ಪಲಿಲ್ಲ. ಅಗಲಿದ ಪ್ರಿಯರೆಂದು ಬಹುಜನರು ಭಾವಿಸಿ ಸಾಂತ್ವನ ಪಡೆದಿದ್ದಾರೆ. ಕನ್ನಡದಲ್ಲಿ ಅದು ದಿವ್ಯವಾದ ಮುಖವೊಂದೇ. ಅದನ್ನು ಕ್ರಿಸ್ತರ ಮುಖವೆಂದು ಓದಲು ನಮಗೆ ದಾರಿ ತೆರೆಯುತ್ತದೆ, ನಿಜ. ಆದರೆ ಸಂತರ ಅನ್ಯೋನ್ಯತೆಯ ಸುಳಿವು ಅಳಿಸಿಹೋಗುತ್ತದೆ. ಜೊತೆಗೆ ಮೇಘಸ್ತಂಭದ ನೆನಪಿಲ್ಲದಿರುವುದರಿಂದ, ಆ ಬೆಳಕು ನಡೆಸಿದ್ದು ಒಂದು ಜನಾಂಗವನ್ನೆಂಬುದೂ ಮರೆತುಹೋಗುತ್ತದೆ. ‘ನಾನು’ ಎಂಬ ಏಕವಚನವೇ ಉಳಿಯುತ್ತದೆ. ಈ ಕೊರತೆಯನ್ನು ದೈವಾರಾಧನೆ ತುಂಬಿಕೊಡಬೇಕು. ಪಾಸ್ಖ ಜಾಗರಣೆಯಲ್ಲಿ ಕತ್ತಲಾದ ದೇವಾಲಯದೊಳಕ್ಕೆ ಒಂದೇ ಮೊಂಬತ್ತಿ ಬರುತ್ತದೆ. ಜನರು ಅದರಿಂದ ತಮ್ಮ ಬತ್ತಿಗಳನ್ನು ಹೊತ್ತಿಸಿಕೊಂಡು ಪಕ್ಕದವರಿಗೆ ದಾಟಿಸುತ್ತಾರೆ. ಅಲ್ಲಿ ಬೆಳಕು ನಮಗೆ ತಲಪುವುದು ಇನ್ನೊಬ್ಬರ ಕೈಯಿಂದ.

ಈ ವಿಮರ್ಶೆಯಿಂದ ಯಾಜಕರಿಗೂ ಗುರುಮಠದ ವಿದ್ಯಾರ್ಥಿಗಳಿಗೂ ಏನು ಪ್ರಯೋಜನ? ಮರಣದ ಮನೆಯಲ್ಲಿ, ವಾಸಿಯಾಗದ ರೋಗಿಯ ಹಾಸಿಗೆಯ ಬಳಿ, ನಾವು ಏನನ್ನು ವಾಗ್ದಾನ ಮಾಡಬಹುದು ಎಂಬ ಪ್ರಶ್ನೆ ನಮ್ಮ ಸೇವೆಯುದ್ದಕ್ಕೂ ಇರುತ್ತದೆ. ಕತ್ತಲೆ ನಾಳೆ ಹೋಗಿಬಿಡುತ್ತದೆಂದು ಹೇಳುವ ಅಧಿಕಾರ ನಮಗಿಲ್ಲ. ಹಾಗೆ ಹೇಳಿ ಅದು ಹೋಗದಿದ್ದರೆ ಆ ಮನೆಯವರು ಕಳೆದುಕೊಳ್ಳುವುದು ನಮ್ಮ ಮೇಲಿನ ನಂಬಿಕೆಯೊಂದನ್ನೇ ಅಲ್ಲ. ಈ ಇರುಳಿನಲ್ಲಿ ನಿಮ್ಮ ಕೈ ಹಿಡಿದವರಿದ್ದಾರೆ ಎಂದು ಹೇಳುವ ಅಧಿಕಾರ ನಮಗುಂಟು, ನಮ್ಮ ಕೈಯನ್ನೂ ಚಾಚುವ ಹೊಣೆಯೊಡನೆ. ಕರೆಯ ಕುರಿತು ತಳಮಳಿಸುವ ವಿದ್ಯಾರ್ಥಿಗೂ ಇದೇ ಮಾತು. ನ್ಯೂಮನ್ನರು ಧರ್ಮಸಭೆಯನ್ನು ಸೇರಿದ್ದು 1845ರಲ್ಲಿ, ಈ ಗೀತೆ ಬರೆದು ಹನ್ನೆರಡು ವರ್ಷಗಳ ಬಳಿಕ. ಆಕ್ಸ್‌ಫರ್ಡನ್ನೂ ಆಪ್ತರನೇಕರನ್ನೂ ಅದಕ್ಕಾಗಿ ತೊರೆಯಬೇಕಾಯಿತು. ಆದರೂ ಆ ಬಳಿಕದ ತಮ್ಮ ಶಾಂತಿಯನ್ನು ಅವರು ಪ್ರಕ್ಷುಬ್ಧ ಕಡಲಿನಿಂದ ಬಂದರು ಸೇರಿದುದಕ್ಕೆ ಹೋಲಿಸಿದರು. ಗಾಳಿಯಿಲ್ಲದೆ ನಿಂತ ಹಡಗಿನಲ್ಲಿ ಪ್ರಾರ್ಥಿಸುವಾಗ ಆ ಬಂದರು ಅವರ ಕಣ್ಣಿಗೆ ಬಿದ್ದಿರಲಿಲ್ಲ.